ಅಪ್ಪ ಎದ್ದಾಗ ಏಳುವುದು

ಅಪ್ಪ ತೀರಿಕೊಂಡಾಗ ಅಂಕೋಲೆ ಹತ್ತಿರದ ಶೆಟಗೇರಿಯ ನಮ್ಮ ಅಂಗಳಕ್ಕೆ ಬಂದವರೆಲ್ಲ ಹೇಳಿದ್ದು ಒಂದೇ ಮಾತು: "ಗಂಡ ಅಂದ್ರೆ ಹಂಗಿರ್ಬೇಕು." ಹೇಳಲಿ ಬಿಡಿ, ಅವರೇನೂ ಸುಳ್ಳು ಹೇಳಲಿಲ್ಲ. ಕಾರವಾರದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅಪ್ಪ ಬೆಳಿಗ್ಗೆ ಬಸ್ಸು ಹತ್ತಿ ಹೋದರೆ ಸಂಜೆ ನೆಟ್ಟಗೆ ಮನೆಗೇ ಬರುವವನು. ಕುಡಿತವಿಲ್ಲ, ಇಸ್ಪೀಟಿಲ್ಲ. ಬಾಗಿಲಿಗೆ ಮೀನಿನ ಬುಟ್ಟಿ ಬಂದರೆ ಚೌಕಾಸಿ ಮಾಡುವವನೂ ಅವನೇ. ಅವ್ವಿಯ ಸೀರೆ, ರವಿಕೆ ಬಟ್ಟೆ ಎಲ್ಲ ಅವನೇ ತರುತ್ತಿದ್ದ. ಬಳೆಗೆ ಅಳತೆ ಬೇಕಲ್ಲ, ಅದಕ್ಕೆ ಅವಳದೊಂದು ಹಳೇ ಬಳೆ ಸದಾ ಅವನ ಚೀಲದಲ್ಲಿರುತ್ತಿತ್ತು. ಬಳೆ ಅಂಗಡಿಯಲ್ಲಿ ಕೈ ಚಾಚಿ ಕೂತು, ಹಸಿರು ಬೇಡ ಕೆಂಪು ಕೊಡು ಅನ್ನುವ ಸುಖ ಅವ್ವಿಗೆ ಮದುವೆಯಾದ ಮೇಲೆ ಸಿಗಲೇ ಇಲ್ಲ.

"ಅವ್ಳಿಗೆ ಎಂತಾ ತಿಳೀತದೆ, ಪಾಪ" ಅನ್ನುತ್ತಿದ್ದ. ಪ್ರೀತಿಯಿಂದಲೇ ಅನ್ನುತ್ತಿದ್ದ. ಆ 'ಪಾಪ' ನೆನಪಾದರೆ ನನಗೆ ಈಗಲೂ ಮೈ ಉರಿಯುತ್ತದೆ.

ಕನ್ನಡಕ, ಹಲ್ಲುನೋವು, ಏನಾದರೊಂದು ನೆಪಕ್ಕೆ ವರ್ಷದಲ್ಲಿ ನಾಲ್ಕೈದು ಸಲ ಅವಳನ್ನು ಕಾರವಾರಕ್ಕೆ ಕರೆದೊಯ್ಯುತ್ತಿದ್ದ. ಬಸ್ಸಿನಲ್ಲಿ ಕಿಟಕಿ ಕಡೆ ಅವನು, ಈಚೆ ಬದಿಗೆ ಅವಳು. ಗಾಳಿ ಬಡಿದರೆ ಅವಳಿಗೆ ತಲೆನೋವು ಬರುತ್ತದಂತೆ. ಬರುತ್ತಿತ್ತೋ ಇಲ್ಲವೋ, ಅವಳನ್ನು ಯಾರೂ ಕೇಳಲಿಲ್ಲ. ಟಿಕೀಟು ಅವನ ಕಿಸೆಯಲ್ಲಿ. ಯಾವ ಊರು ಬಂತು, ಎಲ್ಲಿ ಇಳಿಯಬೇಕು, ಅವಳಿಗೆ ಅದರ ಉಸಾಬರಿಯೇ ಇರಲಿಲ್ಲ. ಅಪ್ಪ ಎದ್ದಾಗ ಏಳುವುದು, ಅಪ್ಪ ಇಳಿದಾಗ ಇಳಿಯುವುದು. ಪೇಟೆಯ ಗದ್ದಲದಲ್ಲಿ ನಡೆಯುವಾಗ ಮಾತ್ರ ಒಂದು ಪಾಠ ಹೇಳಿಕೊಡುತ್ತಿದ್ದ: "ದಾರಿ ತಪ್ತು ಅಂದ್ರೆ ಇದ್ದಲ್ಲೇ ಕೂತ್ಕೋ. ಎಲ್ಲೂ ಹೋಗ್ಬ್ಯಾಡಾ. ನಾ ಬತ್ತೆ." ಒಮ್ಮೆ ಕಾರವಾರದ ಸಂತೆಯಲ್ಲಿ ತಪ್ಪಿಸಿಕೊಂಡಿದ್ದಳು. ಈರುಳ್ಳಿ ಚೀಲದ ಪಕ್ಕ ಕೂತಿದ್ದಳು, ಅವನು ಬಂದ.

ಅವನು ನೌಕರಿಯಲ್ಲಿರುವಾಗಲೇ ಎದೆನೋವಿನಿಂದ ಹೋದ. ಅಂಥ ಮನೆಯ ಒಬ್ಬರಿಗೆ ಅನುಕಂಪದ ಮೇಲೆ ಸರಕಾರಿ ಕೆಲಸ ಸಿಗುತ್ತದೆ. ನಾನು ಒಬ್ಬಳೇ ಮಗಳು, ಮದುವೆಯಾಗಿರಲಿಲ್ಲ, ಅಂಕೋಲೆಯ ಖಾಸಗಿ ಶಾಲೆಯೊಂದರಲ್ಲಿ ಪುಡಿಗಾಸಿಗೆ ಗಂಟಲು ಹರಿದುಕೊಳ್ಳುತ್ತಿದ್ದೆ. ಆ ನೌಕರಿಯೊಂದು ಸಿಕ್ಕರೆ ಸಾಕು ಅಂತ ಕಂಡ ದೇವರಿಗೆಲ್ಲ ಕೈ ಮುಗಿದೆ. ಅಪ್ಪ ಹೋದ ವರ್ಷದೊಳಗೆ ಕಾಗದಗಳೆಲ್ಲ ಮುಟ್ಟಬೇಕು, ಅವ್ವಿ ಖುದ್ದಾಗಿ ಬಂದು ಸಾಹೇಬರ ಎದುರು ಒಪ್ಪಿಗೆ ಸಹಿ ಹಾಕಬೇಕು. ಇದು ಬೇಕು ಅದು ಬೇಕು ಎಂದು ಅಲೆದಾಡಿಸಿ, ಅಲೆದಾಡಿಸಿ ಕಡೇ ದಿನಕ್ಕೇ ತಂದು ನಿಲ್ಲಿಸಿದರು.

ಆ ದಿನ ನಾನು ಬೆಳಗಿನ ಬಸ್ಸಿಗೆ ಕಾರವಾರಕ್ಕೆ ಹೋಗಿ ಅಫಿಡವಿಟ್ ಮಾಡಿಸಬೇಕಿತ್ತು. ಇತ್ತ ಅಂಕೋಲೆಯಲ್ಲಿ ವಂಶಾವಳಿ ಪತ್ರ ಹನ್ನೊಂದು ಗಂಟೆಗೆ ಸಿಗುವುದಿತ್ತು. ಅದನ್ನು ಹಿಡಿದುಕೊಂಡು ಅವ್ವಿ ಬರಬೇಕು. ಪಕ್ಕದ ಮನೆಯ ಮಾವ ಅವಳನ್ನು ಬಸ್ಸು ಹತ್ತಿಸುವುದು, ಕಾರವಾರ ಸ್ಟ್ಯಾಂಡಿನಲ್ಲಿ ನಾನು ಇಳಿಸಿಕೊಳ್ಳುವುದು. ನನ್ನ ಬಳಿ ಮೊಬೈಲ್ ಇತ್ತು, ಅವ್ವಿಯ ಬಳಿ ಇರಲಿಲ್ಲ. ಮಾವ ಬೂತಿನಿಂದ ಫೋನ್ ಮಾಡಿ, "ಮಡಗಾಂವ್ ಬಸ್ಸಿಗೆ ಹತ್ಸಿದ್ದೆ ತಂಗಿ, ಕಂಡಕ್ಟರಿಗೂ ಹೇಳಿದ್ದೆ. ಎಂತಾ ಹೆದ್ರಬ್ಯಾಡಾ" ಅಂದ.

ಮಡಗಾಂವ್ ಬೋರ್ಡಿನ ಬಸ್ಸು ಬಂತು. ನಾನು ಬಾಗಿಲಲ್ಲೇ ನಿಂತಿದ್ದೆ. ಅರ್ಧ ಜನ ಇಳಿದರು, ಅಷ್ಟೇ ಜನ ನುಗ್ಗಿದರು. ಅವ್ವಿ ಇಳಿಯಲಿಲ್ಲ, ಆ ನೂಕುನುಗ್ಗಲಲ್ಲಿ ಒಳಗೆ ಕಾಣಲೂ ಇಲ್ಲ. ಮಾವ ಹತ್ತಿಸಿದ್ದು ಈ ಬಸ್ಸಲ್ಲ, ಇನ್ನೊಂದು ಹಿಂದೆ ಬರುತ್ತಿರಬೇಕು ಎಂದುಕೊಂಡೆ. ಬಸ್ಸು ಗೋವಾ ಕಡೆ ಹೊರಟುಹೋಯಿತು. ಮುಂದಿನ ಬಸ್ಸು ನೋಡಿದೆ, ಅದರ ಮುಂದಿನದೂ ನೋಡಿದೆ. ಮಧ್ಯಾಹ್ನ ಮೂರಾಯಿತು. ಕಚೇರಿಗೆ ಓಡಿ ಅಪ್ಪನ ಜೊತೆಯ ಗುಮಾಸ್ತರ ಕಾಲು ಹಿಡಿಯುವುದೊಂದು ಬಾಕಿ. "ಐದೂವರೆ ತನಕ ಸಾಹೇಬ್ರು ಇರ್ತ್ರು ತಂಗಿ. ಅದ್ರ ಮೇಲೆ ನನ್ನ ಕೈಲಿ ಎಂತದೂ ಇಲ್ಲಾ" ಅಂದರು.

ಐದಕ್ಕೆ ಹತ್ತು ನಿಮಿಷವಿದ್ದಾಗ ಫೋನ್ ಬಂತು. ಮಾಜಾಳಿಯ ಚಹಾ ಅಂಗಡಿಯ ಹೆಂಗಸು. ಅವ್ವಿಯ ಚೀಲದಲ್ಲಿದ್ದ ಕಾಗದದಲ್ಲಿ ನನ್ನ ನಂಬರು ಕಂಡಿತಂತೆ. ಮಾಜಾಳಿ ಎಂದರೆ ಗೋವಾ ಗಡಿ! ರಿಕ್ಷಾ ಹಿಡಿದು ಕಾಳಿ ಸೇತುವೆ ದಾಟಿ ಹೋದೆ. ಅವ್ವಿ ಅಂಗಡಿಯೆದುರಿನ ಬೆಂಚಿನ ಮೇಲೆ, ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ವಂಶಾವಳಿ ಪತ್ರ ಒಂಚೂರೂ ಮುದುಡಿರಲಿಲ್ಲ.

"ಟಿಕೀಟು ಕಾರವಾರದ್ದು ಅಂತ ಕಂಡಕ್ಟರು ಇಲ್ಲಿ ಇಳ್ಸಿ ಹೋದ. ತಿರುಗಿ ಹೋಗೂ ಬಸ್ಸು ಎಷ್ಟು ತೋರಿಸ್ದೆ ಇವ್ರಿಗೆ. ಹತ್ಲೇ ಇಲ್ಲಾ ಮಾರಾಯ್ತಿ" ಅಂದಳು ಅಂಗಡಿಯವಳು.

"ಕಾರವಾರ, ಕಾರವಾರ ಅಂತ ಕೂಗ್ಲಿಲ್ವಾ ಕಂಡಕ್ಟರು?" ಎಂದು ಕಿರುಚಿದೆ.

"ಕೂಗ್ದ."

"ಕೇಳ್ಲಿಲ್ವಾ ನಿಂಗೆ?"

"ಕೇಳ್ತು. ಪಕ್ಕದಲ್ಲಿದ್ದೋರು ಏಳ್ಲಿಲ್ಲ."

"ಇಲ್ಲಿ ಇಷ್ಟೊತ್ತು ಎಂತಕ್ಕೆ ಕೂತೆ?"

"ದಾರಿ ತಪ್ಪಿದ್ರೆ ಇದ್ದಲ್ಲೇ ಕೂತ್ಕೋ ಅಂದಿದ್ರಲ್ಲಾ ಅವ್ರು."

"ಯಾರು ಬತ್ರು ಅಂತ ಕೂತೆ?"

ಅವ್ವಿ ಚೀಲದ ಹಿಡಿಕೆಯನ್ನು ತಿರುವುತ್ತ ಕೂತಳು. ರಸ್ತೆಯ ಕಡೆ ನೋಡಿದಳು, ಆಮೇಲೆ ನನ್ನ ಕಡೆ.

ನಾವು ಕಚೇರಿ ಮುಟ್ಟುವಾಗ ಜವಾನ ಬೀಗ ಹಾಕುತ್ತಿದ್ದ. ಮರುದಿನ ಹೋದರೆ ಕಡತದ ಮೇಲೆ ಬರೆದೇ ಆಗಿತ್ತು, ಅವಧಿ ಮೀರಿದೆ ಎಂದು. ಆಮೇಲೆ ಎಷ್ಟು ಮೇಜು ಸುತ್ತಿದರೂ ಅದು ಅಳಿಯಲಿಲ್ಲ. ನಾನು ಈಗಲೂ ಅದೇ ಶಾಲೆಯಲ್ಲಿದ್ದೇನೆ. ಆದರೆ ಹೇಳಬೇಕಾದ್ದು ಆ ಸಂಜೆಯ ಮಾತು.

ಕುಮಟಾ ಬಸ್ಸಿನಲ್ಲಿ ವಾಪಸು ಹೊರಟೆವು. ನಾನು ಕಿಟಕಿ ಕಡೆ ಕೂತೆ; ಅವಳೇ ನನ್ನನ್ನು ಅಲ್ಲಿಗೆ ತಳ್ಳಿದ್ದಳು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅಪ್ಪನ ಜನ್ಮ ಜಾಲಾಡಿದೆ. ಎಂಥ ಒಳ್ಳೆಯವನಯ್ಯ ನೀನು! ಹೆಂಡತಿಗೆ ಒಂದು ಬಸ್ಸು ಇಳಿಯಲು ಕಲಿಸದಷ್ಟು ಒಳ್ಳೆಯವನು. ಕುಡುಕನ ಹೆಂಡತಿಯಾಗಿದ್ದರೆ ಇಷ್ಟು ಹೊತ್ತಿಗೆ ಅವಳು ಊರು ತಿರುಗಿ ಬರುತ್ತಿದ್ದಳು. ಸತ್ತವನ ಮೇಲೆ ಹೀಗೆ ಸಿಟ್ಟು ಮಾಡಬಾರದು ಅನ್ನುತ್ತಾರೆ. ಮತ್ತೆ ಯಾರ ಮೇಲೆ ಮಾಡಲಿ?

ಅಂಕೋಲೆ ಬಂತು. ಕಂಡಕ್ಟರ್ ಕೂಗಿದ. ನಾನು ಹಟಕ್ಕೆ ಕೂತೇ ಇದ್ದೆ. ಇವತ್ತು ಇವಳೇ ಮೊದಲು ಏಳಲಿ, ಕುಮಟೆಗೆ ಹೋದರೂ ಪರವಾಗಿಲ್ಲ ಎಂದು ಹಲ್ಲು ಕಚ್ಚಿದೆ. ಜನ ಇಳಿದರು. ಅವ್ವಿ ಚೀಲ ಹಿಡಿದುಕೊಂಡು, ಸೆರಗು ಸರಿಮಾಡಿಕೊಂಡು, ನನ್ನ ಮುಖ ನೋಡುತ್ತ ಕೂತಿದ್ದಳು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಅಲುಗಿತು.

ನನ್ನಿಂದ ತಡೆಯಲಾಗಲಿಲ್ಲ. ಎದ್ದುಬಿಟ್ಟೆ. "ಹೋಲ್ಡಾನ್! ಏಳೇ, ಇಳಿ ಇಳಿ" ಎಂದು ಕೂಗಿದೆ.

ಅವ್ವಿ ತಟ್ಟನೆ ಎದ್ದಳು. ಇಳಿದು ನಿಂತ ಮೇಲೆ ನನ್ನ ತೋಳು ಹಿಡಿದುಕೊಂಡು, ಆ ದಿನದಲ್ಲಿ ಮೊದಲ ಸಲ ನಕ್ಕಳು.

"ಥೇಟ್ ಅವ್ರ ಹಂಗೇ ಕೂಗ್ದೆ ನೋಡು" ಅಂದಳು. "ಇನ್ನು ನಂಗೆ ಹೆದ್ರಿಕೆ ಇಲ್ಲಾ."