ಖಾಲಾ ಕಲಿಸಿದ ಅಂಚು

ಕಳೆದ ತಿಂಗಳು ಕಲಬುರಗಿಯಲ್ಲಿ ಕೂಲರ್ ಮಾಡುವ ಅಂಗಡಿಯೊಂದರ ಮುಂದೆ ಹಾದು ಹೋಗುತ್ತಿದ್ದೆ. ಒಳಗೆ ಹೊಸ ತಗಡು ಕತ್ತರಿಸುತ್ತಿದ್ದರು. ಬಿಸಿಲಿಗೆ ಕಾದ ತಗಡು, ಅದರ ಮೇಲಿನ ತೆಳು ಎಣ್ಣೆ... ಆ ವಾಸನೆ ಬಂದದ್ದೇ ತಡ, ನಮ್ಮೂರು ವಾಡಿಯ ಬಸ್ ನಿಲ್ದಾಣದ ಎದುರಿಗಿದ್ದ ಚಿಕ್ಕ ಅಂಗಡಿ ಕಣ್ಣ ಮುಂದೆ ಬಂತು.

ಅದು ಒಬ್ಬ ಹೆಂಗಸಿನ ಅಂಗಡಿ. ಓಣಿಯವರೆಲ್ಲ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ಅವನ ಕತ್ತರಿಯನ್ನು ತಾವೇ ಹಿಡಿದು ಜೋಳದ ಡಬ್ಬಿ, ಬಕೀಟು, ಟ್ರಂಕು ಮಾಡುತ್ತಿದ್ದರು. ಇಂಜಿನಿಯರಿಂಗ್ ಓದುವ ಹುಡುಗಿಯಾಗಿದ್ದ ನಾನು ಕಲಬುರಗಿ ಬಸ್ಸಿಗೆ ಕಾಯುತ್ತ ಬಿಸಿಲಲ್ಲಿ ನಿಂತಿದ್ದಾಗ ಒಂದು ದಿನ ಅವರೇ ಕರೆದರು.

“ಒಳಗ ಬಾ ಬೇಟಾ, ನೆರಳಿಗಿ ಕುಂದ್ರು.”

ಆಮೇಲೆ ದಿನವೂ ಕುಳಿತೆ. ಕತ್ತರಿಸಿದ ಅಂಚಿನ ಮೇಲೆ ಅವರು ಸೆರಗಿನ ತುದಿಯನ್ನು ಮೆಲ್ಲಗೆ ಎಳೆಯುತ್ತಿದ್ದರು. ಬಟ್ಟೆ ಸಿಕ್ಕಿಕೊಂಡರೆ ಅಲ್ಲಿ ಮುಳ್ಳು ಎದ್ದಿದೆ ಎಂದರ್ಥ. ಆಗ ಕತ್ತರಿಯ ಎರಡು ಅಲಗುಗಳ ನಡುವಿನ ಸಂದು ನೋಡಿ, ಅವನ್ನು ಜೋಡಿಸುವ ತಿರುಪು ಬಿಗಿ ಮಾಡುತ್ತಿದ್ದರು. “ಎಲ್ಲಾರೂ ತಗಡಿಗಿ ಬೈತಾರ. ಅಲಗು ಒಂದಕ್ಕೊಂದು ಹೊಂದಿಲ್ಲಂದ್ರ ತಗಡರ ಏನು ಮಾಡ್ತದ?”

ಕೊನೆಯ ವರ್ಷ ನನಗೆ ಜರ್ಮನಿಗೆ ಹೋಗುವ ಅವಕಾಶ ಬಂತು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಮೂರು ತಿಂಗಳ ಸಂಶೋಧನೆ. ವಿಷಯ, ತಗಡು ಕತ್ತರಿಸುವುದು. ಸಿಮೆಂಟ್ ಕಾರ್ಖಾನೆಯಲ್ಲಿ ಚೀಲ ಹೊರುತ್ತಿದ್ದ ಅಪ್ಪ ಒಪ್ಪಲಿಲ್ಲ. ಜಡ್ಡು ಬಂದರೆ ಯಾರು ನೋಡುತ್ತಾರೆ ಎಂಬುದೊಂದೇ ಮಾತು. ಸಹಿ ಹಾಕಿಸುವ ಕಾಗದ ನಾಲ್ಕು ದಿನ ಹಾಗೇ ಬಿದ್ದಿತ್ತು. ಐದನೆಯ ದಿನ ಖಾಲಾ ಅಂಗಡಿ ಮುಚ್ಚಿ ನಮ್ಮ ಮನೆಗೆ ಬಂದರು.

“ಭಾಯಿ, ನಾ ಕತ್ತರಿ ಹಿಡದಾಗ ಈ ಓಣಿ ಭಾಳ ನಕ್ಕಿತ್ತು. ಈಗ ನಕ್ಕವರ ಮನ್ಯಾಗೂ ನನ್ನ ಡಬ್ಬಿನೇ ಅದಾವ. ಹುಡುಗಿ ಕಲಿಲಿಕ್ಕ ಹೊಂಟಾಳ, ಕಳಸ್ರಿ.”

ಅಪ್ಪ ಆ ಕಾಗದವನ್ನು ಹತ್ತಿರ ಎಳೆದುಕೊಂಡರು. ಆಮೇಲೆ ಪೆನ್ನು ಕೇಳಿದರು.

ಜರ್ಮನಿಯಲ್ಲಿ ಮೊದಮೊದಲು ನಾನು ಬಾಯಿಯೇ ಬಿಡುತ್ತಿರಲಿಲ್ಲ. ನಾವು ಯಂತ್ರದಲ್ಲಿ ಕತ್ತರಿಸಿದ ಉಕ್ಕಿನ ಹಾಳೆಗಳನ್ನು ಬಗ್ಗಿಸಿದರೆ ಅಂಚಿನಲ್ಲೇ ಬಿರುಕು ಬಿಡುತ್ತಿದ್ದವು. ಎರಡು ವಾರ ಹೀಗೇ ಆಯಿತು. ತಗಡೇ ಕಳಪೆ, ಪ್ರಯೋಗ ನಿಲ್ಲಿಸೋಣ ಎಂಬ ಮಾತು ಬಂತು. ನಿಂತರೆ ನಾನು ಬರಿಗೈಯಲ್ಲಿ ಊರಿಗೆ ಮರಳಬೇಕಿತ್ತು. ತಗಡಿಗೆ ಬೈಯುವುದು ಕೇಳಿದ್ದೇ ಖಾಲಾ ನೆನಪಾದರು. ನನ್ನ ದುಪಟ್ಟಾದ ತುದಿಯನ್ನು ಒಂದೊಂದು ತುಂಡಿನ ಅಂಚಿಗೂ ಎಳೆದು ನೋಡಿದೆ. ಎಡಕ್ಕೆ ನುಣ್ಣಗೆ ಜಾರಿತು. ಬಲತುದಿಗೆ ಬಂದಾಗ ಸಿಕ್ಕಿಕೊಂಡಿತು, ಪ್ರತಿ ತುಂಡಿನಲ್ಲೂ.

“ಅಲಗು ಓರೆಯಾಗಿದೆ,” ಎಂದೆ.

ಬಿಚ್ಚಿ ನೋಡಿದರೆ ಅಲಗಿನ ಅಡಿಯಲ್ಲಿ ಕೂದಲೆಳೆಯಷ್ಟು ಲೋಹದ ಚೂರು. ಅದನ್ನು ತೆಗೆದು ಅಲಗನ್ನು ಮತ್ತೆ ಕೂರಿಸಿದ ಮೇಲೆ ಕತ್ತರಿಸಿದ ಹಾಳೆ ಬಿರುಕಿಲ್ಲದೆ ಬಾಗಿತು. ಎಲ್ಲಿ ಕಲಿತೆ ಎಂದು ಅಲ್ಲಿನ ಪ್ರಾಧ್ಯಾಪಕರು ಕೇಳಿದರು. ನಮ್ಮೂರಿನ ಡಬ್ಬಿ ಮಾಡುವ ಹೆಂಗಸಿನಿಂದ ಎಂದೆ. ಅವರು ನಗಲಿಲ್ಲ, ಬರೆದುಕೊಂಡರು.

ಫೋನಿನಲ್ಲಿ ಹೇಳಿದಾಗ ಖಾಲಾ ಮಾತ್ರ ಜೋರಾಗಿ ನಕ್ಕರು. “ಅಷ್ಟು ದೊಡ್ಡ ಮಷೀನಿಗೂ ಅದೇ ಬ್ಯಾನಿ ಏನು?”

ಮುಂದೆ ಅದೇ ವಿಷಯದಲ್ಲಿ ಪಿಎಚ್‌ಡಿ ಮಾಡಿದೆ. ನಾನು ಮಹಾಪ್ರಬಂಧ ಮುಗಿಸುವ ಹೊತ್ತಿಗೆ ಖಾಲಾ ಎದೆನೋವಿನಿಂದ ಹೋಗಿಬಿಟ್ಟಿದ್ದರು... ಕೃತಜ್ಞತೆಯ ಪುಟದಲ್ಲಿ ಮೊದಲು ಅವರನ್ನೇ ನೆನೆಯಬೇಕೆಂದು ಕುಳಿತಾಗ ಗೊತ್ತಾಯಿತು, ನನಗೆ ಅವರ ಹೆಸರೇ ತಿಳಿಯದು. ಅಪ್ಪನಿಗೂ ತಿಳಿಯದು. ಶಹಾಬಾದಿನಲ್ಲಿದ್ದ ಖಾಲಾರ ಮಗಳಿಗೆ ಫೋನು ಮಾಡಿದೆ. ಆಕೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. “ರೇಷನ್ ಕಾರ್ಡ್ ಬಿಟ್ರ ಅಮ್ಮಿ ಹೆಸರು ಎಲ್ಲೂ ಬರದಿಲ್ರಿ. ತಪ್ಪಿಲ್ಲದಂಗ ಬರೀರಿ.”

ಕೂಲರ್ ಅಂಗಡಿಯಿಂದ ಮನೆಗೆ ಬಂದವಳು ಆ ಕೃತಜ್ಞತೆಯ ಪುಟದ ಪ್ರತಿ ತೆಗೆಸಿ, ಮೊನ್ನೆ ಭಾನುವಾರ ಶಹಾಬಾದಿಗೆ ಹೋಗಿ ಕೊಟ್ಟೆ. ಮಗಳು ಹೆಸರಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದರು. “ಅಮ್ಮಿ ಇದ್ದಿದ್ರ...” ಎಂದರು. ಇಬ್ಬರೂ ಕಣ್ಣೊರೆಸಿಕೊಂಡೆವು.

ಹೊರಡುವಾಗ ಅವರು ಬಾಗಿಲವರೆಗೆ ಬಂದು, ಹತ್ತನೆಯ ತರಗತಿ ಮುಗಿಸಿದ ತಮ್ಮ ಮಗಳನ್ನು ಮುಂದೆ ನಿಲ್ಲಿಸಿದರು. “ಈಕಿಗಿ ಡಿಪ್ಲೊಮಾ ಸೇರಸ್ಬೇಕಂತೀನ್ರಿ. ಯಾವುದು ಛಲೋ?”

ಮೆಕ್ಯಾನಿಕಲ್ ಎಂಬ ಉತ್ತರ ನನ್ನ ಬಾಯಲ್ಲೇ ಇತ್ತು. ಆದರೂ ಹುಡುಗಿಯ ಕಡೆ ತಿರುಗಿ, ನಿನಗೇನು ಇಷ್ಟವೆಂದು ಅವಳನ್ನೇ ಕೇಳಿದೆ.