ಡೀಸೆಲ್ ಗಾಡಿಯ ಸ್ಟ್ರಟ್ಟುಗಳು

ಇವತ್ತು ಬೆಳಿಗ್ಗೆ ಕಾಮಾಕ್ಷಿಪಾಳ್ಯದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಪುಟ್ಟರಾಜು ನನ್ನ ಕಾರಿನ ಮುಂದಿನ ಎರಡು ಸ್ಟ್ರಟ್ಟುಗಳನ್ನು ಬಿಚ್ಚಿ ನೆಲಕ್ಕೆ ಹಾಕಿದ. ಕಾದ ಎಣ್ಣೆಗೂ ಹಳೇ ರಬ್ಬರಿಗೂ ನಡುವಿನ ಒಂದು ವಾಸನೆ ಬಂತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

“ಶರ್ಟಿಗೆ ಆಯಿಲ್ ಆಗಲ್ಲ ಬಿಡಿ ಸಾರ್,” ಎಂದ ಪುಟ್ಟರಾಜು. ನನಗೆ ಶರ್ಟಿನ ಚಿಂತೆ ಎಂದು ಅವನು ತಿಳಿದದ್ದರಲ್ಲಿ ತಪ್ಪಿಲ್ಲ. ನನ್ನನ್ನು ಬಹಳ ವರ್ಷಗಳಿಂದ ನೋಡುತ್ತಿದ್ದಾನೆ.

ಸ್ಟ್ರಟ್ ಎಂದರೆ ನಿಮಗೆ ಗೊತ್ತಿರಬಹುದು. ಮುಂದಿನ ಚಕ್ರದ ಮೇಲೆ ಸ್ಪ್ರಿಂಗ್ ಸುತ್ತಿಕೊಂಡು ನಿಂತಿರುವ ಕಬ್ಬಿಣದ ಕೊಳವೆ. ರಸ್ತೆಯ ಪೆಟ್ಟನ್ನು ಅದು ನುಂಗಬೇಕು. ಅದು ನುಂಗದಿದ್ದರೆ ಒಳಗೆ ಕೂತವರು ನುಂಗಬೇಕು. ಇಷ್ಟನ್ನು ನಾನು ಕಲಿತದ್ದು ಮೂರು ವರ್ಷದ ಹಿಂದೆ, ಗಿರಿಜಕ್ಕನ ಬೆನ್ನಿನ ಲೆಕ್ಕದಲ್ಲಿ.

ಗಿರಿಜಕ್ಕ ನನ್ನ ಒಡಹುಟ್ಟಿದ ಅಕ್ಕ. ಮದುವೆಯಾಗಲಿಲ್ಲ. ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾಗಿ ಬ್ಯಾಡರಹಳ್ಳಿಯ ನಮ್ಮ ಮನೆಗೆ ಬಂದಳು. ಕ್ಯಾನ್ಸರ್ ಆಗಲೇ ಬೆನ್ನುಮೂಳೆಗೆ ಇಳಿದಿತ್ತು. ವಾಸಿಯಾಗುವ ಮಾತು ಮುಗಿದಿತ್ತು. ನೋವಾದರೂ ತಗ್ಗಲಿ ಎಂದು ಹತ್ತು ದಿನ ರೇಡಿಯೇಷನ್ ಕೊಡುತ್ತೇವೆ, ದಿನಾ ಕರೆದುಕೊಂಡು ಬನ್ನಿ, ಆದಷ್ಟು ಕುಲುಕದಂತೆ ತನ್ನಿ ಎಂದರು ಡಾಕ್ಟರು. ಮಾಗಡಿ ರಸ್ತೆಯಲ್ಲಿ, ಕುಲುಕದಂತೆ. ನಾನು ತಲೆಯಾಡಿಸಿ ಬಂದೆ.

ನನ್ನ ಕಾರಿನ ಎಡಗಡೆಯ ಸ್ಟ್ರಟ್ ಆಗ ಎಣ್ಣೆ ಸೋರಿ ಸತ್ತಿತ್ತು. ಆ ಮಾದರಿಯ ಕಾರು ಬರುವುದೇ ನಿಂತಿದ್ದರಿಂದ ಹೊಸದು ಸಿಗುವಂತಿರಲಿಲ್ಲ. ಟ್ಯಾಕ್ಸಿ ಮಾಡಬಹುದಿತ್ತಲ್ಲ ಎನ್ನುತ್ತೀರಿ. ಬೇರೆಯವರು ಗಾಡಿ ಓಡಿಸುವಾಗ ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುವವನು ನಾನು. ಅಕ್ಕನನ್ನು ಇನ್ನೊಬ್ಬರ ಕೈಗೆ ಕೊಡುವುದು ಸಾಧ್ಯವಿರಲಿಲ್ಲ.

ಪುಟ್ಟರಾಜು ಗುಜರಿ ಅಂಗಡಿಗೆ ಕಳಿಸುವ ಮುಂಚೆ ಸರಿಯಾಗಿಯೇ ಹೇಳಿದ್ದ: “ಎಡಗಡೇದು ಬಲಗಡೇದು ಬೇರೆ ಬೇರೆ ಇರುತ್ತೆ ಸಾರ್, ಜೊತೇಲೇ ತಗೊಳ್ಳಿ. ಎಣ್ಣೆ ಜಿನುಗಿದ್ರೆ ಬೇಡ. ರಾಡ್ ಒತ್ತಿ ಬಿಟ್ರೆ ನಿಧಾನಕ್ಕೆ ಮೇಲೆ ಬರಬೇಕು. ಮುಖ್ಯ, ನಿಮ್ಮದು ಪೆಟ್ರೋಲ್ ಗಾಡಿ. ಪೆಟ್ರೋಲ್ ಗಾಡೀದೇ ತನ್ನಿ.”

ಇದೆಲ್ಲವನ್ನೂ ಬರೆದುಕೊಂಡೆ. ಮೊಬೈಲಿನಲ್ಲಿ ವಿಡಿಯೋ ನೋಡಿ ಇನ್ನಷ್ಟು ಸೇರಿಸಿದೆ. ಹದಿನಾಲ್ಕು ಪ್ರಶ್ನೆಗಳಾದವು. ಗುಜರಿ ಅಂಗಡಿಯ ಸಾದಿಕ್ ಭಾಯ್ ಆರನೆಯದಕ್ಕೇ ಚಾ ತರಿಸಿದರು. “ಅರೇ ಸಾರ್, ಹೆಣ್ಣು ನೋಡೋಕೆ ಬಂದವ್ರೂ ಇಷ್ಟು ಕೇಳಲ್ಲ.”

ಅವರ ಹತ್ತಿರ ಎರಡು ಜೊತೆ ಇದ್ದವು. ಒಂದು ನನ್ನಂಥದೇ ಪೆಟ್ರೋಲ್ ಗಾಡಿಯದು. ಬಣ್ಣ ಹೋಗಿ, ಅಲ್ಲಲ್ಲಿ ತುಕ್ಕು. ಇನ್ನೊಂದು ಅದೇ ಮಾದರಿಯ ಡೀಸೆಲ್ ಗಾಡಿಯದು. ಹೆಚ್ಚು ಓಡಿರಲಿಲ್ಲ, ಕಪ್ಪಗೆ ಹೊಳೆಯುತ್ತಿತ್ತು, ಸ್ಪ್ರಿಂಗ್ ಹೆಬ್ಬೆರಳಿನಷ್ಟು ದಪ್ಪ.

“ಅದು ಕೂರುತ್ತೆ ಸಾರ್, ಆದ್ರೆ ಡೀಸೆಲ್ ಇಂಜಿನ್ ಭಾರ, ಅದಕ್ಕೆ ಮಾಡಿರೋದು. ನಿಮ್ ಗಾಡಿ ಹಗುರ. ಕುಕ್ಕುತ್ತೆ,” ಎಂದರು ಭಾಯ್.

ಇಲ್ಲಿ ನಮ್ಮ ಮನೆತನದ ಒಂದು ವಿಷಯ ಹೇಳಬೇಕು. ನಾವು ಏನು ಕೊಂಡರೂ ‘ಗಟ್ಟಿ ಇರಲಿ’ ಎಂದು ಕೊಳ್ಳುವವರು. ಅಪ್ಪ ಮಾಡಿಸಿದ ಮಂಚವನ್ನು ಈವರೆಗೆ ಯಾರೂ ಜರುಗಿಸಿಲ್ಲ. ಅದರ ಕೆಳಗೆ ಏನಿದೆಯೋ ದೇವರಿಗೇ ಗೊತ್ತು. ನಾನು ಹಾಕಿಸಿದ ಕಿಟಕಿಯ ಗ್ರಿಲ್ ನೋಡಿ ಅಕ್ಕ, “ಕಳ್ಳ ಹೊರಗಿದಾನೋ ಒಳಗಿದಾನೋ ಗೊತ್ತಾಗಲ್ವಲ್ಲೋ,” ಎಂದಿದ್ದಳು. ಹದಿನಾಲ್ಕು ಪ್ರಶ್ನೆ ಕೇಳಿ ಹದಿನಾಲ್ಕಕ್ಕೂ ಉತ್ತರ ಪಡೆದು, ನಾನು ದಪ್ಪ ಸ್ಪ್ರಿಂಗಿನ ಡೀಸೆಲ್ ಜೊತೆಯನ್ನು ಎತ್ತಿಕೊಂಡೆ. ತುಕ್ಕು ಹಿಡಿದದ್ದು ದಾರಿಯಲ್ಲಿ ಮುರಿದು, ಅಕ್ಕ ಒಳಗಿರುವಾಗ... ನನ್ನ ತಲೆ ಓಡುವುದೇ ಹಾಗೆ. ಪುಟ್ಟರಾಜು ಬೇಡವೆಂದ. “ಹಾಕಪ್ಪ, ಗಟ್ಟಿ ಇರಲಿ,” ಎಂದೆ.

ಮೊದಲ ದಿನ ಸುಂಕದಕಟ್ಟೆಯ ಹಂಪ್ ದಾಟುವಾಗಲೇ ಕೇಳಿದೆ, “ಹೇಗಿದೆಯಕ್ಕ?”

“ಚೆನ್ನಾಗಿದೆ ಕಣೋ. ನೀನು ನೋಡಿ ತಂದಿದ್ದಲ್ವಾ.”

ಪ್ರತಿ ಹಂಪಿಗೂ ಕೇಳುತ್ತಿದ್ದೆ. ಪ್ರತಿ ಸಲವೂ ಅದೇ ಉತ್ತರ. ಹಂಪ್ ಬಂದಾಗ ಅವಳು ಸೆರಗನ್ನು ಬಾಯಿಗೆ ಇಟ್ಟುಕೊಳ್ಳುತ್ತಿದ್ದಳು. ಧೂಳಿಗೆ ಎಂದುಕೊಂಡು ನಾನು ಕಿಟಕಿ ಏರಿಸುತ್ತಿದ್ದೆ. ಅಷ್ಟು ಗಮನ ನನ್ನದು.

ಏಳನೆಯ ದಿನ ಆಸ್ಪತ್ರೆಯ ನರ್ಸಮ್ಮ ಒಳಗಿನಿಂದ ಬಂದು ತಗ್ಗಿದ ದನಿಯಲ್ಲಿ ಕೇಳಿದರು, “ಸಾರ್, ನಿಮ್ಮಕ್ಕ ತುಟಿ ಕಚ್ಕೊಂಡು ರಕ್ತ ಬಂದಿದೆ. ದಾರೀಲಿ ತುಂಬಾ ಕುಕ್ಕುತ್ತಾ?”

ಮನೆಗೆ ಬಂದು ಅಕ್ಕನನ್ನು ಮಲಗಿಸಿ, ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು ಗೋಡೆಯ ಕಡೆ ತಿರುಗಿಕೊಂಡೇ ಹೇಳಿದಳು: “ಹೇಳಿದ್ರೆ ನೀನು ನಿದ್ದೆ ಮಾಡ್ತಿರಲಿಲ್ಲ. ನಾನೊಬ್ಬಳು ಎದ್ದಿದ್ರೆ ಸಾಕು ಬಿಡು.”

ಸಾದಿಕ್ ಭಾಯ್ ಹತ್ತಿರ ಓಡಿದೆ. ತುಕ್ಕು ಹಿಡಿದಿದ್ದ ಆ ಪೆಟ್ರೋಲ್ ಗಾಡಿಯ ಜೊತೆ ಹಿಂದಿನ ದಿನವೇ ಮಾರಿಹೋಗಿತ್ತು. ಉಳಿದ ಮೂರು ದಿನ ಟ್ಯಾಕ್ಸಿ. ಆ ಡ್ರೈವರ್ ಫೋನಿನಲ್ಲಿ ಮಾತಾಡುತ್ತ ಹಂಪುಗಳನ್ನು ಹಾಗೆಯೇ ಹಾರಿಸಿಕೊಂಡು ಹೋದ. ಗಾಡಿ ಮೆತ್ತಗೆ ತೂಗಿತು, ಅಷ್ಟೆ. ಅಕ್ಕ ಒಮ್ಮೆಯೂ ಸೆರಗನ್ನು ಬಾಯಿಗೆ ಇಡಲಿಲ್ಲ. ಅದನ್ನು ನೋಡುತ್ತ ನಾನು ಪಕ್ಕದಲ್ಲಿ ಕೂತಿದ್ದೆ. ಎರಡು ತಿಂಗಳಿಗೆ ಅವಳು ಹೋದಳು.

ಹೇಗಿದೆ ಹೇಗಿದೆ ಎಂದು ನಾನು ಕೇಳುತ್ತಿದ್ದದ್ದು ಯಾರ ಸಮಾಧಾನಕ್ಕೆ ಎಂದು ಆಮೇಲೆ ಬಹಳ ದಿನ ಯೋಚಿಸಿದೆ. ಕಾಯಿಲೆಯವಳಿಗೆ ನನ್ನ ಆತಂಕದ ಆರೈಕೆಯನ್ನೂ ಹೊರಿಸಿದ್ದೆ. ಆ ಸ್ಟ್ರಟ್ಟುಗಳನ್ನು ಮಾತ್ರ ಬದಲಿಸಲಿಲ್ಲ. ಅದನ್ನು ನನಗೆ ನಾನೇ ಕೊಟ್ಟುಕೊಂಡ ಶಿಕ್ಷೆ ಎಂದರೆ ದೊಡ್ಡ ಮಾತಾದೀತು, ಸೋಮಾರಿತನವೂ ಸಾಕಷ್ಟಿತ್ತು. ಮೂರು ವರ್ಷ ಕುಕ್ಕಿಸಿಕೊಂಡೇ ಓಡಾಡಿದೆ. ಹೋದ ವಾರ ಅವೂ ಸೋರತೊಡಗಿದವು.

ಇವತ್ತು ಸಾದಿಕ್ ಭಾಯ್ ಪೆಟ್ರೋಲ್ ಗಾಡಿಯ ಜೊತೆಯೊಂದನ್ನು ತೆಗೆದಿಟ್ಟಿದ್ದರು. ತುಕ್ಕಿತ್ತು. ನಾನು ಏನೂ ಕೇಳಲಿಲ್ಲ. ಅವರೇ ರಾಡ್ ಒತ್ತಿ ತೋರಿಸಿದರು. ಮಧ್ಯಾಹ್ನದ ಹೊತ್ತಿಗೆ ಪುಟ್ಟರಾಜು ಅದನ್ನು ಕೂರಿಸಿ ಬೀಗದ ಕೈ ಕೊಟ್ಟ.

ಮಾಗಡಿ ರಸ್ತೆಯ ಮೊದಲ ಹಂಪಿಗೆ ಬ್ರೇಕ್ ಹಿಡಿದು ಹಲ್ಲು ಕಚ್ಚಿದೆ, ಅಭ್ಯಾಸ. ಕಾರು ಮೂಗು ತಗ್ಗಿಸಿ, ನಿಧಾನವಾಗಿ ಎದ್ದು, ದಾಟಿಬಿಟ್ಟಿತು. ಸದ್ದೇ ಇಲ್ಲ. ಎರಡನೆಯದೂ ಹಾಗೆಯೇ. ಮೂರನೆಯದರಿಂದ ಎಣಿಸತೊಡಗಿದೆ. ಬ್ಯಾಡರಹಳ್ಳಿ ಮುಟ್ಟುವ ಹೊತ್ತಿಗೆ ಹದಿನೇಳಾದವು, ಅದೂ ಅರ್ಧ ದಾರಿಗೆ. ಆಸ್ಪತ್ರೆ ಗ್ಯಾರೇಜನ್ನೂ ದಾಟಿ ಇನ್ನೂ ಅಷ್ಟು ದೂರ ಆಚೆಗಿತ್ತು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಏಳು ದಿನ. ಗುಣಿಸುತ್ತ ಗುಣಿಸುತ್ತ ಮುಂದೆ ಓಡಿಸಲಾಗದೆ, ಗಾಡಿಯನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದೆ.