ಒಣ ಸಿಗಡಿಯ ಪೊಟ್ಟಣ ಮತ್ತು ಟೆಂಪೋದ ಮುಂದಿನ ಸೀಟು

ಪತ್ರಿಕೆಯಲ್ಲಿ ಪ್ರೀತಿ ಸುದ್ದಿಯಾಗುವುದು ಎರಡೇ ಸಂದರ್ಭದಲ್ಲಿ: ಯಾರಾದರೂ ಓಡಿಹೋದಾಗ, ಇಲ್ಲವೇ ವಿಷಯ ಪೊಲೀಸ್ ಠಾಣೆಗೆ ಬಂದಾಗ. ತಾಲ್ಲೂಕು ವರದಿಗಾರನಾಗಿ ನಾನೂ ಇಷ್ಟು ವರ್ಷ ಆ ಎರಡನ್ನೇ ಬರೆದಿದ್ದೇನೆ. ಯಾರೂ ಓಡಿಹೋಗದ, ಯಾರೂ ದೂರು ಕೊಡದ ಒಂದು ಪ್ರಕರಣ ನನ್ನ ಪಕ್ಕದ ಸೀಟಿನಲ್ಲೇ ನಡೆಯಿತು. ಅದು ಕೆಡುವ ಹಂತಕ್ಕೆ ಬಂದದ್ದು ನನ್ನಿಂದ. ಇಬ್ಬರ ಒಪ್ಪಿಗೆಯೂ ಸಿಕ್ಕಿರುವುದರಿಂದ ನಡೆದ ಹಾಗೆ ಬರೆಯುತ್ತೇನೆ.

ನನ್ನ ಮನೆ ಹೊನ್ನಾವರದಲ್ಲಿ, ಕಚೇರಿ ಕುಮಟಾದಲ್ಲಿ. ಬೆಳಿಗ್ಗೆ ಭಟ್ಕಳದಿಂದ ಬರುವ ಟೆಂಪೋಗಳಲ್ಲಿ ದಿನವೂ ಒಂದನ್ನೇ ಹಿಡಿಯುವುದು ರೂಢಿ. ಚಾಲಕ ಶಿರಾಲಿಯವನು, ನಲವತ್ತರ ಆಸುಪಾಸು, ಮನೆಯಲ್ಲಿ ತಾಯಿ ಮತ್ತು ಆತ ಇಬ್ಬರೇ. ಪೇಪರಿನವರು ಎಂಬ ಮರ್ಯಾದೆಗೆ ಅವನ ಪಕ್ಕದ ಮುಂದಿನ ಸೀಟು ನನಗೆ ಮೀಸಲು. ನಾನು ಹತ್ತುವ ಮೊದಲೇ, ಸೇತುವೆಯ ಆಚೆ ಕಾಸರಕೋಡದಲ್ಲಿ ಒಬ್ಬಾಕೆ ಹತ್ತಿ ನನ್ನ ಬೆನ್ನ ಹಿಂದಿನ ಸೀಟಿನಲ್ಲಿ ಕೂತಿರುತ್ತಿದ್ದಳು. ಸಮುದ್ರದ ದಂಡೆಯಲ್ಲಿ ತಾನೇ ಮೀನು ಒಣಗಿಸಿ ಕುಮಟಾ ಪೇಟೆಯಲ್ಲಿ ಮಾರುವವಳು. ಮೂವತ್ತೈದು ದಾಟಿತ್ತು. ಇಬ್ಬರು ತಂಗಿಯರ ಮದುವೆ ಮುಗಿಸುವಷ್ಟರಲ್ಲಿ ತನ್ನದಕ್ಕೆ ಹೊತ್ತಾಗಿತ್ತು ಎಂದು ಆಕೆಯೇ ಒಮ್ಮೆ ಹೇಳಿದ್ದಳು, ದೂರುವ ದನಿಯಲ್ಲಲ್ಲ.

ನನಗೆ ಮೊದಲು ಅನುಮಾನ ಬಂದದ್ದು ಒಂದು ಶಬ್ದದಿಂದ. ಆತ ಮೀನಿನ ಬುಟ್ಟಿ ಹೊತ್ತ ಹೆಂಗಸರಿಗೆಲ್ಲ, ವಯಸ್ಸು ಇಪ್ಪತ್ತಿರಲಿ ಅರವತ್ತಿರಲಿ, "ಅಕ್ಕಾ" ಅನ್ನುತ್ತಿದ್ದ. ಈಕೆಯೊಬ್ಬಳಿಗೆ ಮಾತ್ರ ಅನ್ನುತ್ತಿರಲಿಲ್ಲ. "ಇವ್ರೆ, ಬುಟ್ಟಿ ಕೊಡಿ" ಅನ್ನುತ್ತಿದ್ದ. ಉಳಿದವರ ಬುಟ್ಟಿ ಟೆಂಪೋದ ಮಾಡಿನ ಮೇಲೆ ಹೇಗೋ ಕೂರುತ್ತಿತ್ತು, ಆಕೆಯದಕ್ಕೆ ಬೇರೆ ತಾಡಪತ್ರಿ ಹೊದೆಸುತ್ತಿದ್ದ.

ಕುಮಟಾದಲ್ಲಿ ತನ್ನ ಟೆಂಪೋ ಹೊರಡುವ ಪಾಳಿ ಬರುವವರೆಗೆ ಆತ ಮೀನುಪೇಟೆಗೆ ಹೋಗಿ ಆಕೆಯ ಎದುರು ಕುಕ್ಕರುಗಾಲಲ್ಲಿ ಕೂತು ಒಣ ಸಿಗಡಿ ಕೊಳ್ಳುತ್ತಿದ್ದ. ನಮ್ಮಲ್ಲಿ ಅದನ್ನು ಶೆಟ್ಲಿ ಅನ್ನುತ್ತಾರೆ. ನಮ್ಮ ಕಚೇರಿಯ ಹಳೆ ಪೇಪರುಗಳನ್ನು ಆಕೆಗೇ ಕೊಡುತ್ತಿದ್ದೆವು. ಅದರಲ್ಲಿ ಸುತ್ತಿ, ಬಾಳೆನಾರಿನಿಂದ ಬಿಗಿದು, ಬೆರಳಿಗೆ ಸಿಕ್ಕಿಸಲು ಮೇಲೊಂದು ಕುಣಿಕೆ ಬಿಡುವುದು ಆಕೆಯ ಕಟ್ಟು. ಪೇಟೆಯಲ್ಲಿ ಬೇರೆ ಯಾರೂ ಹಾಗೆ ಕಟ್ಟುತ್ತಿರಲಿಲ್ಲ.

ಆಕೆ ಮಧ್ಯಾಹ್ನವೇ ಊರಿಗೆ ಮರಳಿರುತ್ತಿದ್ದಳು. ಸಂಜೆ ನಾನು ಮರಳುವಾಗ ಚಾಲಕ ಆ ಪೊಟ್ಟಣವನ್ನು ನನ್ನ ಮಡಿಲಿಗೆ ಹಾಕುತ್ತಿದ್ದ.

"ಇಟ್ಕಳಿ ಸರ್. ನಮ್ಮನೇಲಿ ರಾಶಿ ಇದೆ."

ನಮ್ಮದು ಮೀನು ತಿನ್ನದ ಮನೆ. ಮೊದಲ ಸಲ ಹೇಳಲಿಲ್ಲ, ಅಷ್ಟು ಪ್ರೀತಿಯಿಂದ ಕೊಟ್ಟಿದ್ದ. ಎರಡನೆಯ ಸಲ ಹೇಳಿದರೆ ಮೊದಲನೆಯದನ್ನು ಏನು ಮಾಡಿದಿರಿ ಎಂಬ ಪ್ರಶ್ನೆ ಬರುತ್ತಿತ್ತು. ಮನೆಯ ಜಗುಲಿ ಹತ್ತುವ ಮೊದಲೇ ಹೆಂಡತಿ ತಡೆದಳು.

"ಎಂತ ತಂದ್ರಿ ಇದು? ನಾತ ಬತ್ತಾ ಇದ್ದು. ಒಳಗೆ ತರಡಿ."

ಬಸ್‌ಸ್ಟ್ಯಾಂಡಿನ ಹಿಂದೆ ಊಟದ ಹೋಟೆಲು ನಡೆಸುವ ಹೆಂಗಸೊಬ್ಬಳಿದ್ದಾಳೆ. ಅವಳಿಗೆ ಕೊಟ್ಟೆ. ಯಾರದು ಎಂದು ಕೇಳಿದ್ದಕ್ಕೆ "ಟೆಂಪೋದವರು ಕೊಟ್ಟದ್ದು" ಎಂದೆ. ವಾಕ್ಯ ನಿಜವೇ. ನಡುವೆ ನಾನಿದ್ದೇನೆ ಎಂಬುದನ್ನು ಮಾತ್ರ ಬಿಟ್ಟಿದ್ದೆ. ಹೀಗೆ ಮೂರು ತಿಂಗಳು, ವಾರಕ್ಕೆ ಎರಡು ಪೊಟ್ಟಣದಂತೆ, ಅವಳ ಒಲೆಯ ಮೇಲಿನ ಹಲಗೆ ಮಳೆಗಾಲದ ದಾಸ್ತಾನಿನಿಂದ ತುಂಬುತ್ತ ಬಂತು.

ಮೇ ತಿಂಗಳಲ್ಲಿ ಒಂದು ದಿನ ಟೆಂಪೋ ಹತ್ತಿದಾಗ ನನ್ನ ಹಿಂದಿನ ಸೀಟು ಖಾಲಿಯಿತ್ತು. ಮರುದಿನವೂ ಖಾಲಿ. ಕಾಸರಕೋಡದಲ್ಲಿ ಆಕೆ ಬೇರೆ ಟೆಂಪೋ ಹತ್ತುತ್ತಿದ್ದಾಳೆ ಎಂದು ಹಿಂದಿನಿಂದ ಯಾರೋ ಹೇಳಿದರು. ಮೂರನೆಯ ದಿನ ಹಳದೀಪುರ ದಾಟುವಾಗ ಚಾಲಕ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದ.

"ಸರ್, ನೀವು ಶೆಟ್ಲಿ ತಿಂತ್ರಿ ಅಲ್ದಾ?"

ಉತ್ತರ ಗೊತ್ತಿದ್ದವರೇ ಹೀಗೆ ಕೇಳುವುದು.

"ಇಲ್ಲ."

"ಒಂದಿನಾನೂ?"

"ಹುಟ್ಟಿದಾಗಿಂದ ಇಲ್ಲ."

ಆತ ಗೇರು ಬದಲಿಸಿದ. "ಮೊದ್ಲೇ ಹೇಳಿದ್ರೆ ಬಾಳೆಹಣ್ಣು ಕೊಡ್ತಿದ್ನಲ್ಲ ಸರ್."

ಉಳಿದದ್ದನ್ನು ಕುಮಟಾ ಮುಟ್ಟುವುದರೊಳಗೆ ಹೇಳಿದ. ಆಕೆ ಹೊನ್ನಾವರಕ್ಕೆ ಬಂದವಳು ಊಟಕ್ಕೆ ಆ ಹೋಟೆಲಿಗೇ ಹೋಗಿದ್ದಳು. ಹಲಗೆಯ ಮೇಲೆ ತನ್ನದೇ ಕಟ್ಟಿನ ಪೊಟ್ಟಣಗಳ ಸಾಲು ನೋಡಿದಳು. ಯಾರು ತಂದು ಹಾಕುವುದು ಎಂದರೆ ಹೋಟೆಲಿನವಳು "ಟೆಂಪೋದವ್ರು" ಅಂದಳು. ಆಕೆ ನೇರವಾಗಿ ಬಂದು ಆತನ ಎದುರು ನಿಂತು, "ನಾನು ನಿಮ್ಮ ಅಮ್ಮಂಗೆ ಅಂತ ಒಂದೊಂದ್ರ ತಲೆ ಕಾಲು ಬಿಡಿಸಿ ಕಟ್ಕೊಟ್ಟೆ. ನೀವು ಹೋಟೆಲಿಗೆ ವ್ಯಾಪಾರ ಮಾಡಿದ್ರಿ" ಎಂದಳು.

"ನೀನು ಎಂತ ಹೇಳಿದೆ?"

"ಎಂತ ಹೇಳೂದು? ಅಮ್ಮ ತಿಂದು ಚೊಲೊ ಇದೆ ಅಂದ್ಲು ಅಂತ ಪ್ರತಿ ಸಲ ಹೇಳಿದ್ನಲ್ಲ."

"ಅಮ್ಮನಿಗೇ ಯಾಕೆ ಕೊಡಲಿಲ್ಲ?"

ಆಗ ಗೊತ್ತಾಯಿತು. ಅವರ ಮನೆಗೆ ಮಳೆಗಾಲದ ಒಣಮೀನು ಬರುವುದು ತಾಯಿಯ ತವರಿನಿಂದ, ಭಟ್ಕಳದ ಕಡಲದಂಡೆಯಿಂದ. ಮದುವೆಯಾಗಿ ಬಂದ ವರ್ಷದಿಂದ ಆ ತಾಯಿ ಪೇಟೆಯ ಒಣಮೀನು ಮುಟ್ಟಿದವರಲ್ಲ. ಬೇರೆ ಕಡೆಯ ಪೊಟ್ಟಣ ಒಳಗೆ ಬಂದರೆ ತವರಿಗೆ ಅವಮಾನ. ಅಷ್ಟೇ ಅಲ್ಲ, ಯಾರ ಕೈಯದು ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಗೆ ಉತ್ತರ ಹೇಳುವ ಧೈರ್ಯ ಆತನಿಗೆ ಮೂರು ತಿಂಗಳಲ್ಲಿ ಬಂದಿರಲಿಲ್ಲ.

"ಇನ್ನು ಅವ್ರು ನನ್ನ ಗಾಡಿ ಹತ್ತೂದಿಲ್ಲ ಸರ್," ಅಂದ. "ಈ ವಯಸ್ಸಿಗೆ ಇನ್ನೊಂದು ಸಲ ಸುರು ಮಾಡೂಕೆ ನಂಗಾಗೂದಿಲ್ಲ."

ತಪ್ಪು ಅಚ್ಚಾದರೆ ಮರುದಿನ ಅದೇ ಪುಟದಲ್ಲಿ ತಿದ್ದುಪಡಿ ಹಾಕಬೇಕು ಎಂಬುದು ನಾನು ಕಲಿತ ಮೊದಲ ಪಾಠ. ಕಚೇರಿಗೆ ಹೋಗದೆ ನೇರ ಮೀನುಪೇಟೆಗೆ ನಡೆದೆ. ಆಕೆ ನನ್ನನ್ನು ನೋಡಿಯೂ ನೋಡದವಳಂತೆ ಪೇಪರು ಹರಿಯುತ್ತಿದ್ದಳು. ಅಕ್ಕಪಕ್ಕದ ನಾಲ್ಕು ಹೆಂಗಸರು ಮಾತು ನಿಲ್ಲಿಸಿದರು. ನಿಂತೇ ಹೇಳಿದೆ: ಪೊಟ್ಟಣ ಹೋಟೆಲಿಗೆ ಕೊಟ್ಟದ್ದು ನಾನು, ಆತನಿಗೆ ಅದು ತಿಳಿದಿರಲಿಲ್ಲ, ಪುಕ್ಕಟೆ ಕೊಟ್ಟದ್ದು, ನಾನು ಮೀನು ತಿನ್ನುವವನಲ್ಲ.

ಪಕ್ಕದ ಬುಟ್ಟಿಯ ಮುದುಕಿ ಎಲೆಯಡಿಕೆ ಉಗಿದು ಬಂದಳು. "ಒಣಮೀನು ಹಂಚೂ ಭಟ್ರನ್ನ ಇವತ್ತೇ ಕಂಡದ್ದು."

"ಪೇಪರ್ನೋರು, ಮಾರಾಯ್ತಿ. ಹಂಚೂದೇ ಅವ್ರ ಕೆಲ್ಸ," ಎಂದಳು ಇನ್ನೊಬ್ಬಳು.

ಆಕೆ ನಗಲಿಲ್ಲ. "ಹಂಗಾರೆ ಅವ್ರ ಅಮ್ಮ ನಂದು ಒಂದು ಕಾಳೂ ತಿಂದಿಲ್ಲ."

"ಇಲ್ಲ." ತವರಿನ ವಿಷಯವನ್ನೂ ಹೇಳಿದೆ. ಈ ಸಲ ಅರ್ಧ ವಾಕ್ಯವನ್ನೂ ಬಿಡಲಿಲ್ಲ.

ಆಕೆ ಸ್ವಲ್ಪ ಹೊತ್ತು ಸಿಗಡಿಯನ್ನು ಬೆರಳಲ್ಲಿ ಕೆದಕಿದಳು. "ಅವ್ರಿಗೆ ಹೇಳಿ. ಇನ್ನು ನನ್ನ ಕೈಯಿಂದ ಪೊಟ್ಟಣ ಬೇಕಾದ್ರೆ ಅಮ್ಮನ್ನೇ ಕರ್ಕಂಡು ಬರ್ಲಿ. ಅವ್ರೇ ಕೂತು ಆರಿಸಿ ತಕಂಡು ಹೋಗ್ಲಿ. ಬೇಡ ಅಂದ್ರೆ ಅದೂ ನನ್ನ ಎದ್ರೇ ಹೇಳ್ಲಿ."

ಸಂಜೆ ತಿಳಿಸಿದೆ. ಒಂದು ವಾರ ಟೆಂಪೋ ಎಂದಿನಂತೆ ಓಡಿತು. ಎಂಟನೆಯ ಬೆಳಿಗ್ಗೆ ಟೆಂಪೋ ಬಂದು ನಿಂತಾಗ ಮುಂದಿನ ಸೀಟಿನಲ್ಲಿ ಒಬ್ಬ ವಯಸ್ಸಾದ ಹೆಂಗಸು ಕೈಚೀಲ ತೊಡೆಯ ಮೇಲಿಟ್ಟು ಕೂತಿದ್ದರು. ನಾನು ಹಿಂದೆ ಹತ್ತಿದೆ. ದಾರಿಯುದ್ದಕ್ಕೂ ತಾಯಿ ಮಗ ಮಾತಾಡಿದ್ದು ಒಂದೇ ಸಲ.

"ನಿಧಾನ ಹೊಡಿ. ಮೀನು ಎಲ್ಲೂ ಓಡೂದಿಲ್ಲ."

ಪೇಟೆಗೆ ನಾನೂ ಹಿಂದಿನಿಂದ ಹೋದೆ. ತಾಯಿ ಬುಟ್ಟಿಯ ಮುಂದೆ ಮಣೆ ಎಳೆದುಕೊಂಡು ಕೂತರು. ಆಕೆ ಸೆರಗು ಸರಿಮಾಡಿಕೊಂಡು, ಬೇರೆ ತೆಗೆದಿಟ್ಟಿದ್ದ ಸಿಗಡಿಯನ್ನು ಮುಂದೆ ಸರಿಸಿದಳು. ತಾಯಿ ಒಂದು ಹಿಡಿ ಸಿಗಡಿ ತೆಗೆದು ಮೂಸಿದರು, ಬೆಳಕಿಗೆ ಹಿಡಿದರು, ಒಂದನ್ನು ಬಾಯಿಗೆ ಹಾಕಿ ಅಗಿದರು.

"ಉಪ್ಪು ಒಂಚೂರು ಹೆಚ್ಚಾತು."

"ಆಟಿ ಮಳೆ ಮುಗೀವರಿಗೂ ಇಡೂಕೆ ಅಷ್ಟು ಬೇಕ್," ಎಂದಳು ಆಕೆ. "ಕಡಿಮೆ ಮಾಡಿದ್ರೆ ಹುಳ ಬೀಳ್ತದೆ. ನಿಮಗೆ ಗೊತ್ತಿಲ್ದೇ ಇರೂದಾ?"

ಎಲೆಯಡಿಕೆಯ ಮುದುಕಿ ಹತ್ತಿರಕ್ಕೆ ಸರಿದು ಕಿವಿಗೊಟ್ಟಳು. ಚಾಲಕ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ. ತಾಯಿ ಇನ್ನೊಂದು ಸಿಗಡಿ ತೆಗೆದು ತಿರುಗಿಸಿ ನೋಡಿದರು.

"ತಲೆ ಕಾಲು ಎಲ್ಲಾ ಬಿಡಿಸಿದ್ಯಲ್ಲೆ. ಯಾರಿಗೆ ಇಷ್ಟು ಉಪಚಾರ?"

"ನಿಮಗೇ. ಮೂರು ತಿಂಗ್ಳಿಂದ."

"ನಂಗೆ ಬಂದದ್ದು ಎಲ್ಲಿ ಹೋಯ್ತು ಹಂಗಾರೆ?"

ಆಕೆ, ಆತ, ಮುದುಕಿ ಮತ್ತು ಉಳಿದ ಮೂವರು ಹೆಂಗಸರು ನನ್ನತ್ತ ತಿರುಗಿದರು. ನಾನು ಎರಡನೆಯ ಸಲ ತಿದ್ದುಪಡಿ ಹೇಳಿದೆ. ತಾಯಿ ಪೂರ್ತಿ ಕೇಳಿ ಮಗನತ್ತ ನೋಡಿದರು.

"ಸಾವಿರ ಜನ್ರನ್ನ ಗಾಡೀಲಿ ಹೊತ್ತಿದ್ಯಲ್ಲೋ. ಒಂದು ಪೊಟ್ಟಣ ಮನೆ ತನಕ ತರೂಕೆ ಆಗ್ಲಿಲ್ಲ?"

ಆಮೇಲೆ ಆಕೆಗೆ ಹೇಳಿದರು: "ಎರಡು ಕಟ್ಟು."

"ಎರಡಾ?"

"ಒಂದು ಮನೆಗೆ. ಒಂದು ನನ್ನ ತವರಿಗೆ. ಯಾರ ಕೈದು ಅಂತ ಅವ್ರು ಕೇಳ್ತ್ರು. ಕೇಳ್ಲಿ. ಹೇಳೂಕೆ ನಾನಿದ್ದೇನೆ."

ಆಕೆ ಪೇಪರು ಹಾಸಿದಳು. ಮೊದಲ ಕುಣಿಕೆ ಬಿಗಿಯುವಾಗ ನಾರು ತುಂಡಾಯಿತು. ಅಷ್ಟು ವರ್ಷದಲ್ಲಿ ಆಕೆಯ ಕೈಯಲ್ಲಿ ನಾರು ತುಂಡಾದದ್ದು ಅದೇ ಮೊದಲು ಎಂದು ಮುದುಕಿ ಈಗಲೂ ಸಾಕ್ಷಿ ಹೇಳುತ್ತಾಳೆ.

ಮಳೆಗಾಲ ಕಳೆದ ಮೇಲೆ ಮದುವೆಯಾಯಿತು. ಆಕೆ ಈಗ ಶಿರಾಲಿಯಲ್ಲೇ ಟೆಂಪೋ ಹತ್ತುತ್ತಾಳೆ, ಕಾಸರಕೋಡದಲ್ಲಿ ತಂಗಿ ಒಣಗಿಸಿಟ್ಟ ಬುಟ್ಟಿ ಮಾಡಿಗೇರುತ್ತದೆ. ಮುಂದಿನ ಸೀಟು ಆಕೆಯದು. ನಾನು ಹಿಂದೆ ಕೂರುತ್ತೇನೆ, ಅಲ್ಲಿಂದ ಇಬ್ಬರ ಜಗಳವೂ ಸ್ಪಷ್ಟ ಕೇಳಿಸುತ್ತದೆ. ಹೆಚ್ಚಿನದು ಹಾರನ್ನಿನ ವಿಷಯಕ್ಕೆ.

ಮೊನ್ನೆ ಇಳಿಯುವಾಗ ಆಕೆ ನನ್ನ ಕೈಗೆ ಒಂದು ಪೊಟ್ಟಣ ಕೊಟ್ಟಳು. ಅದೇ ಪೇಪರು, ಅದೇ ಕುಣಿಕೆ. ನಾನು ಹಿಂಜರಿದದ್ದು ನೋಡಿ, "ಹೆದ್ರಬೇಡಿ, ಮುರುಗಲು ಸಿಪ್ಪೆ, ಸಾರಿನ ಹುಳಿಗೆ. ಇದನ್ನಾದ್ರೂ ಮನೆಗೆ ತಕಂಡು ಹೋಗಿ," ಅಂದಳು. ಈ ಪೊಟ್ಟಣ ದಾರಿಯಲ್ಲಿ ಎಲ್ಲಿಯೂ ಕೈ ಬದಲಾಯಿಸಲಿಲ್ಲ. ಆ ಸಂಜೆ ನಮ್ಮ ಮನೆಯಲ್ಲಿ ಅದರದ್ದೇ ಸಾರು.